ಊರ ಕಾವಲು: ಕಲ್ಲಿನಿಂದ ಕಡತಕ್ಕೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಸೀಮೆಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಊರ ಕಾವಲಿನ ಚರಿತ್ರೆಯನ್ನು ಅರಸುವವರು ಇಂಥ ಶಾಸನಗಳಿಂದಲೇ ತೊಡಗಬೇಕು. ಕನ್ನಡ ವೀರಗಲ್ಲುಗಳಲ್ಲಿ ಬರುವ ತುರುಗೋಳ್, ಪೆಣ್ಬುಯ್ಯಲ್, ಊರಳಿವು ಎಂಬ ಮಾತುಗಳು ಅಂದು ಊರು ಎದುರಿಸುತ್ತಿದ್ದ ಅಪಾಯಗಳ ಹೆಸರುಗಳು. ಅವುಗಳನ್ನು ತಡೆಯಲು ಹೋರಾಡಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಸಲ್ಲುತ್ತಿತ್ತು. ಕಾವಲು ಮತ್ತು ಭೂಮಿಯ ನಂಟು ಅಷ್ಟು ಹಳೆಯದು.

ವಿಜಯನಗರದ ಕಾಲಕ್ಕೆ ಗೌಡಿಕೆಯು ಪಾಳೆಯಗಾರಿಕೆಯಾಗಿ ಬೆಳೆಯಿತು. ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನು. 1749ರಲ್ಲಿ ಅದು ಮೈಸೂರಿನ ವಶವಾಯಿತು. ಪಾಳೆಯಗಾರ ಅಳಿದರೂ ಊರಿನ ಗೌಡ, ಶಾನುಭೋಗ, ತಳವಾರ, ತೋಟಿ ಉಳಿದರು. ಗೌಡನು ಸರ್ಕಾರಕ್ಕೆ ಉತ್ತರವಾದಿ. ಕಳ್ಳತನದ ಸುಳಿವು ಹಿಡಿಯುವುದು, ದಾರಿಹೋಕರನ್ನು ಕಾಯುವುದು ತಳವಾರನ ಕೆಲಸ. ಪೈರಿನ ಕಾವಲು ತೋಟಿಯದು. ಇನಾಂ ಭೂಮಿಯೇ ಇವರ ಸಂಬಳ.

1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡವು. ಕಲ್ಲು ಮಡಿದವನನ್ನು ನೆನೆಯುತ್ತದೆ, ಕಡತ ಇನಾಮಿನ ಲೆಕ್ಕವಿಡುತ್ತದೆ. ಇರುಳೆಲ್ಲ ಗಸ್ತು ತಿರುಗಿ, ಮಡಿಯದೆ ಮನೆಗೆ ಮರಳಿದ ತಳವಾರನ ಚರಿತ್ರೆಯನ್ನು ಸಂಶೋಧಕರು ಇವೆರಡನ್ನೂ ಜೊತೆಗಿಟ್ಟು ಓದಿಯೇ ಕಾಣಬೇಕು.