ಉಯಿಲು ನಿರ್ವಹಣೆಯ ವಿಳಂಬ: 317ನೇ ಕಲಮಿನ ಗಡುವನ್ನು ಕಾಯುವವರು ಯಾರು?

ಮೃತರ ಆಸ್ತಿಯ ಆಡಳಿತವನ್ನು ಕೋರ್ಟು ಒಬ್ಬರ ಕೈಗೆ ಒಪ್ಪಿಸಿದ ಮೇಲೆ, ಕೆಲಸ ಸಕಾಲಕ್ಕೆ ನಡೆಯುತ್ತಿದೆಯೇ ಎಂದು ನೋಡುವ ಹೊಣೆ ಯಾರದು? 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಇದಕ್ಕೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. 317ನೇ ಕಲಮಿನಂತೆ ಎಕ್ಸಿಕ್ಯೂಟರ್ (ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕ) ಅಥವಾ ಆಡಳಿತಗಾರ, ಪ್ರೊಬೇಟ್ (ಉಯಿಲಿಗೆ ಕೋರ್ಟು ಕೊಡುವ ದೃಢೀಕರಣ) ಇಲ್ಲವೇ ಆಡಳಿತಾಧಿಕಾರ ಪತ್ರ ದೊರೆತ 6 ತಿಂಗಳೊಳಗೆ ಆಸ್ತಿ ಮತ್ತು ಸಾಲಗಳ ಪೂರ್ಣ ಪಟ್ಟಿಯನ್ನೂ 1 ವರ್ಷದೊಳಗೆ ಲೆಕ್ಕವನ್ನೂ ಕೋರ್ಟಿಗೆ ಸಲ್ಲಿಸಬೇಕು. ಪ್ರೊಬೇಟ್ ಅಥವಾ ಪತ್ರ ಕೊಟ್ಟ ಕೋರ್ಟು ಬೇಕೆನಿಸಿದರೆ ಗಡುವು ವಿಸ್ತರಿಸಬಹುದು.

ಆದರೆ ಗಡುವು ಮೀರಿದ ದಿನ ತಾನಾಗಿ ಏನೂ ಆಗುವುದಿಲ್ಲ. ಕೋರ್ಟು ಕೇಳಿದ ಮೇಲೂ ಉದ್ದೇಶಪೂರ್ವಕವಾಗಿ ಸಲ್ಲಿಸದಿದ್ದರೆ ಮಾತ್ರ ಅಪರಾಧ. ಕೇಳುವವರೇ ಇಲ್ಲದಿದ್ದರೆ ಆ ಮಾತೇ ಏಳುವುದಿಲ್ಲ. 263ನೇ ಕಲಮಿನಡಿ ಪ್ರೊಬೇಟ್ ರದ್ದುಪಡಿಸಲು ಈ ಲೋಪ ಒಂದು ಕಾರಣವಾಗಬಲ್ಲದು. ಅಲ್ಲಿಯೂ ಲೋಪ ಬೇಕೆಂದೇ, ಸಕಾರಣವಿಲ್ಲದೆ ಆಗಿದೆಯೆಂದು ತೋರಿಸಬೇಕು. ಎಕ್ಸಿಕ್ಯೂಟರ್ ಎಷ್ಟೋ ಸಲ ಮನೆಯ ಹಿರಿಯಣ್ಣನೇ. ಪತ್ರಗಳು, ಪಾಸ್‌ಬುಕ್, ಬೀರುವಿನ ಕೀಲಿ ಎಲ್ಲ ಅವನ ಬಳಿಯೇ. ಪಟ್ಟಿಯನ್ನೇ ಕಾಣದ ತಂಗಿ ಅವನ ಮನಸ್ಸಿನಲ್ಲಿದ್ದುದನ್ನು ಸಾಬೀತು ಮಾಡುವುದು ಹೇಗೆ? ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಇದೇ.

ಇನ್ನೊಂದು ತೊಡಕು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರೊಬೇಟ್ ಕೊಡುವುದು ಹೆಚ್ಚಾಗಿ ಜಿಲ್ಲಾ ನ್ಯಾಯಾಧೀಶರು. ಎಕ್ಸಿಕ್ಯೂಟರನ್ನು ಅಮಾನತಿನಲ್ಲಿಟ್ಟು ಅಥವಾ ತೆಗೆದು ಬೇರೊಬ್ಬರನ್ನು ಕೂರಿಸುವ ಅಧಿಕಾರವನ್ನು 301ನೇ ಕಲಮು, ಆಡಳಿತದ ಬಗ್ಗೆ ನಿರ್ದೇಶನ ಕೊಡುವ ಅಧಿಕಾರವನ್ನು 302ನೇ ಕಲಮು ಹೈಕೋರ್ಟಿಗೆ ಕೊಟ್ಟಿವೆ. ಹಾಗಾಗಿ ಬೀದರಿನ ವಾರಸುದಾರಳು ಕಲಬುರಗಿ ಪೀಠಕ್ಕೆ ಹೋಗಬೇಕು. ಉಯಿಲಿನ ಸಿಂಧುತ್ವದ ವ್ಯಾಜ್ಯ ನಡೆಯುತ್ತಿರುವಾಗಲಾದರೆ 247ನೇ ಕಲಮಿನಂತೆ ಕೋರ್ಟಿನ ನೇರ ಹಿಡಿತದಲ್ಲಿ ತಾತ್ಕಾಲಿಕ ಆಡಳಿತಗಾರರು ಬರಬಹುದು. 2004ರಲ್ಲಿ ತೀರಿಕೊಂಡ ಪ್ರಿಯಂವದಾ ಬಿರ್ಲಾ ಅವರ ಆಸ್ತಿಗೆ ಕಲ್ಕತ್ತಾ ಹೈಕೋರ್ಟು ಅಂಥವರನ್ನು ನೇಮಿಸಿತು. ಜಗಳವಾಡುತ್ತಿರುವ ಆಸ್ತಿಗೆ ಸಿಗುವ ಈ ಕಾವಲು, ಪ್ರೊಬೇಟ್ ಸಿಕ್ಕು ಸುಮ್ಮನೆ ಬಿದ್ದಿರುವ ಆಸ್ತಿಗೆ ಇಲ್ಲ.

ವಿಳಂಬಕ್ಕೆ ಕಾಯಿದೆ ಕಟ್ಟಿದ ಬೆಲೆಯೂ ಅಲ್ಪವೇ. ಉಯಿಲಿನಲ್ಲಿ ಇಂತಿಷ್ಟು ಹಣವೆಂದು ಬರೆದು ಪಾವತಿಗೆ ದಿನ ಗೊತ್ತುಮಾಡದಿದ್ದರೆ, ಸಾಮಾನ್ಯವಾಗಿ ಮರಣದಿಂದ ಒಂದು ವರ್ಷ ಕಳೆದ ಮೇಲೆ ಬಡ್ಡಿ ಶುರು. 353ನೇ ಕಲಮಿನಲ್ಲಿ ಹಿಂದೂ, ಮುಸ್ಲಿಂ ಮೊದಲಾದವರ ಉಯಿಲಿಗೆ ಅದರ ದರ ಶೇ. 6, ಉಳಿದವರಿಗೆ ಶೇ. 4.

ನನ್ನ ಸಲಹೆಗೆ ಕಾಯಿದೆಯ ತಿದ್ದುಪಡಿಯೇನೂ ಬೇಡ. ಗಡುವು ವಿಸ್ತರಿಸುವ ಅಧಿಕಾರವಿರುವ ಕೋರ್ಟು ಪ್ರೊಬೇಟ್ ಕೊಡುವ ಆದೇಶದಲ್ಲೇ 6 ತಿಂಗಳ ನಂತರದ ವಿಚಾರಣಾ ದಿನಾಂಕವನ್ನು ಬರೆದುಬಿಡಲಿ. ಅಂದು ಪಟ್ಟಿ ಬಂದಿರಬೇಕು, ಇಲ್ಲವೇ ಕಾಲಾವಕಾಶದ ಅರ್ಜಿ ಬಂದಿರಬೇಕು.

ಕರ್ನಾಟಕದಲ್ಲಿ ಇದರ ಫಲ ಸೀಮಿತವೆಂಬುದೂ ನಿಜ. ಇಲ್ಲಿನ ಹಿಂದೂ ಉಯಿಲುಗಳಿಗೆ ಪ್ರೊಬೇಟ್ ಕಡ್ಡಾಯವಲ್ಲ; ಉಯಿಲು ತೋರಿಸಿ ಖಾತೆ ಬದಲಾಯಿಸಿಕೊಳ್ಳುವುದೇ ರೂಢಿ. ಪ್ರೊಬೇಟ್ ಇಲ್ಲವೆಂದರೆ 317ನೇ ಕಲಮಿನ ಗಡುವು ಶುರುವಾಗುವುದೇ ಇಲ್ಲ. ಅಂಥ ಕುಟುಂಬಗಳಿಗೆ ಇರುವ ದಾರಿಗಳಲ್ಲಿ ಮುಖ್ಯವಾದದ್ದು ಆಸ್ತಿ ಆಡಳಿತದ ದಾವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶ, 13ನೇ ನಿಯಮದಂತೆ ಅಲ್ಲಿ ಮೊದಲು ಪ್ರಾಥಮಿಕ ಡಿಕ್ರಿ ಆಗಬೇಕು, ಲೆಕ್ಕ ತೆಗೆಯುವ ಕೆಲಸ ಆಮೇಲೆ.