ಬಿಳಿಯ ಕರಡಿಯ ಪ್ರಶ್ನೆ

ಮನಸ್ಸು ದೇಹದೊಳಗಿನದೆಂದೂ ಸಮಾಜವು ಅದರ ಹೊರಗಿನ ಅಂಗಳವೆಂದೂ ಭಾವಿಸುವುದು ವಾಡಿಕೆ. ಈ ಭಾವನೆಯನ್ನು ಪರೀಕ್ಷೆಗೊಡ್ಡಿದವರಲ್ಲಿ ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ (1902–1977) ಪ್ರಮುಖರು. 1931 ಮತ್ತು 1932ರಲ್ಲಿ ಅವರು ಉಜ್ಬೇಕಿಸ್ತಾನದ ಹಳ್ಳಿಗಳಿಗೂ ಕಿರ್ಗಿಜ್ ಬೆಟ್ಟಗಳ ಹುಲ್ಲುಗಾವಲುಗಳಿಗೂ ಹೋದರು. ಸಾಮೂಹಿಕ ಬೇಸಾಯವೂ ಅಕ್ಷರಾಭ್ಯಾಸವೂ ಅಲ್ಲಿ ಆಗತಾನೆ ಕಾಲಿಡುತ್ತಿದ್ದ ಕಾಲವದು. ಯೋಜನೆಯಲ್ಲಿ ಪಾಲುಗೊಂಡಿದ್ದ ವೈಗೋಟ್ಸ್ಕಿಯವರು ಕ್ಷಯರೋಗದಿಂದ ನರಳುತ್ತಿದ್ದು, ಜೊತೆಗೆ ಹೋಗಲಾರದಾದರು.

ಚಹದಂಗಡಿಗಳಲ್ಲಿ, ರಾತ್ರಿಯ ಬೆಂಕಿಯ ಸುತ್ತ ಕುಳಿತು, ಬಹಳ ಹೊತ್ತು ಮಾತನಾಡಿದ ಮೇಲೆಯೇ ಲೂರಿಯಾ ತಮ್ಮ ಪ್ರಶ್ನೆಗಳನ್ನು ಇಡುತ್ತಿದ್ದರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ. ಇವುಗಳಲ್ಲಿ ಗುಂಪಿಗೆ ಸೇರದುದು ಯಾವುದು? ದಿಮ್ಮಿಯಿಲ್ಲದೆ ಗರಗಸಕ್ಕೇನು ಕೆಲಸವೆಂದು ನಿರಕ್ಷರ ರೈತರು ನಾಲ್ಕನ್ನೂ ಒಟ್ಟಿಗೇ ಇರಿಸಿದರು. ದೂರದ ಉತ್ತರದ ಹಿಮಪ್ರದೇಶದಲ್ಲಿ ಕರಡಿಗಳೆಲ್ಲ ಬಿಳಿಯವು. ನೊವಾಯಾ ಜೆಮ್ಲ್ಯಾ ಇರುವುದು ಆ ಪ್ರದೇಶದಲ್ಲಿ. ಅಲ್ಲಿಯ ಕರಡಿಯ ಬಣ್ಣವೇನು? ಕಾಣದುದನ್ನು ಹೇಳಲಾಗದು, ಹೋಗಿ ನೋಡಿಬಂದವರನ್ನು ಕೇಳಿರಿ ಎಂಬ ಧಾಟಿಯ ಉತ್ತರಗಳು ಬಂದವು. ಅಲ್ಪಕಾಲ ಶಾಲೆ ಕಂಡವರಾದರೋ ಸುಲಭವಾಗಿ ಬಿಳಿಯೆಂದರು.

ಪಾಠಶಾಲೆಯಲ್ಲಿ ತರ್ಕಶಾಸ್ತ್ರವನ್ನು ಓದಿದವರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ನೈಯಾಯಿಕರ ಪಂಚಾವಯವ ವಾಕ್ಯದಲ್ಲಿ ಉದಾಹರಣೆಗೆ ಒಂದು ಸ್ಥಾನವುಂಟು. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವವನು ತಾನು ಕಂಡ ಅಡುಗೆಮನೆಯನ್ನು ಸಾಕ್ಷಿಗೆ ತರಲೇಬೇಕು. ಉಜ್ಬೇಕಿ ರೈತನು ಬೇಡಿದುದೂ ಅಂಥ ದೃಷ್ಟಾಂತವನ್ನೇ ಅಲ್ಲವೆ? ಅವನಿಗೆ ಯುಕ್ತಿಯಿರಲಿಲ್ಲವೆನ್ನುವುದು ಸಲ್ಲದು. ತನ್ನ ಬದುಕಿಗೆ ಹೊಂದಿದ ವಿಷಯಗಳಲ್ಲಿ ಅವನು ಚೆನ್ನಾಗಿಯೇ ವಿಚಾರ ಮಾಡುತ್ತಿದ್ದನೆಂದು ಲೂರಿಯಾ ಅವರೇ ಬರೆದಿದ್ದಾರೆ. ಅಪರಿಚಿತನ ಮಾತನ್ನೇ ಆಧಾರವಾಗಿ ಹಿಡಿದು, ಆ ಮಾತಿನೊಳಗೇ ಮುಂದೆ ಸಾಗುವ ರೂಢಿ ಮಾತ್ರ ಅವನಿಗಿರಲಿಲ್ಲ.

ಈ ಭೇದವನ್ನು ಮರೆತರೆ ಒಂದು ಜನಾಂಗವನ್ನೇ ಮಂದಬುದ್ಧಿಯದೆಂದು ಕರೆದಂತಾಗುತ್ತದೆ. ಲೂರಿಯಾ ಅವರ ಮೇಲೆ ಮಾಸ್ಕೋದಲ್ಲಿ ಇಂಥ ಆರೋಪವೇ ಬಂದಿತು. ಗ್ರಂಥವು ಬೆಳಕು ಕಂಡುದು 1974ರಲ್ಲಿ. ನಾಲ್ಕು ದಶಕ ಬಾಯಿ ಕಟ್ಟಿಸಿದ್ದು ಅನ್ಯಾಯ. ಆದರೂ ಆರೋಪವು ಪೂರ್ತಿ ನಿರಾಧಾರವೆನ್ನಲಾರೆವು. ಆ ರೈತರ ಚಿಂತನೆಯನ್ನು ಅವರು ಏಣಿಯ ಕೆಳಗಿನ ಮೆಟ್ಟಿಲಾಗಿ ಕಂಡದ್ದುಂಟು.

ಮುಂದೆ ಅಮೆರಿಕದ ಸಿಲ್ವಿಯಾ ಸ್ಕ್ರಿಬ್ನರ್ ಮತ್ತು ಮೈಕೆಲ್ ಕೋಲ್ ಲೈಬೀರಿಯಾದ ವಾಯಿ ಜನರ ನಡುವೆ ಶೋಧ ನಡೆಸಿ 1981ರಲ್ಲಿ ಪ್ರಕಟಿಸಿದರು. ವಾಯಿ ಜನರಿಗೆ ಸ್ವಂತ ಲಿಪಿಯುಂಟು. ಅದನ್ನು ಶಾಲೆಯಲ್ಲಲ್ಲ, ಮನೆಮಂದಿಯಿಂದಲೂ ನೆರೆಯವರಿಂದಲೂ ಕಲಿಯುತ್ತಾರೆ. ಆ ಲಿಪಿಯನ್ನು ಬಲ್ಲವರು ಕರಡಿಯಂಥ ಪ್ರಶ್ನೆಗಳಲ್ಲಿ ನಿರಕ್ಷರರಿಗಿಂತ ವಿಶೇಷವಾಗಿ ಮುಂದಿರಲಿಲ್ಲ. ಶಾಲೆಗೆ ಹೋದವರೇ ಮುಂದಿದ್ದರು. ಆದರೆ ಎದುರಿಗಿಲ್ಲದವನಿಗೆ ಒಂದು ಆಟದ ನಿಯಮಗಳನ್ನು ಬಿಡಿಸಿ ಹೇಳಿರೆಂದಾಗ ವಾಯಿ ಲಿಪಿಯವರ ವಿವರಣೆ ಮೇಲಾಗಿತ್ತು. ಅವರು ಆ ಲಿಪಿಯನ್ನು ಹೆಚ್ಚಾಗಿ ಬಳಸುತ್ತಿದ್ದುದು ದೂರದ ಬಂಧುಗಳಿಗೆ ಕಾಗದ ಬರೆಯುವುದಕ್ಕೆ.