ಕಲ್ಲೆಂದು ಎತ್ತಿಕೊಂಡರೆ ಗಿಡ!

1811ರ ಸೆಪ್ಟೆಂಬರ್ ತಿಂಗಳು. ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಸಮೀಪದ ಒಣ ಬಯಲಿನಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಸಾಗುತ್ತಿದ್ದ ಇಂಗ್ಲೆಂಡಿನ ಸಸ್ಯವಿಜ್ಞಾನಿ ವಿಲಿಯಂ ಬರ್ಚೆಲ್, ವಿಚಿತ್ರ ಆಕಾರದ ಹರಳುಗಲ್ಲೊಂದನ್ನು ಕಂಡು ಬಾಗಿ ಎತ್ತಿಕೊಂಡ. ಕೈಗೆ ಬಂದದ್ದು ಗಿಡ! ಸುತ್ತಲಿನ ಕಲ್ಲುಗಳ ಬಣ್ಣ, ಗಾತ್ರ, ಗೀರುಗಳನ್ನೆಲ್ಲ ಹಾಗೆಯೇ ಹೊತ್ತಿದ್ದ ಅದನ್ನು ಮೇಯುವ ಪ್ರಾಣಿಗಳ ಕಣ್ಣೂ ಗುರುತಿಸುವುದು ಕಷ್ಟವೆಂದು ಆತನಿಗೆ ಹೊಳೆಯಿತು. ಮುಂದೆ 1922ರಲ್ಲಿ ಎನ್.ಇ. ಬ್ರೌನ್ ಈ ಜಾತಿಗೆ 'ಲಿಥಾಪ್ಸ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಕಲ್ಲಿನ ಮುಖವುಳ್ಳದ್ದು ಎಂದರ್ಥ.

ಆ ಕಲ್ಲುಗಿಡ ಈಗ ಕೊರಿಯರ್ ಡಬ್ಬಿಯಲ್ಲಿ ನಮ್ಮ ಊರುಗಳಿಗೂ ಬರುತ್ತದೆ. ಆದರೆ ಕಾರವಾರ, ಅಂಕೋಲಾಗಳಲ್ಲಿ ಅದು ಬದುಕೀತೇ? ಲಿಥಾಪ್ಸ್‌ನ ತವರಾದ ಪ್ರೀಸ್ಕಾದಲ್ಲಿ ಇಡೀ ವರ್ಷ ಬೀಳುವ ಮಳೆ, ಕಾರವಾರದಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವುದಕ್ಕಿಂತ ಎಷ್ಟೋ ಕಡಿಮೆ.

ಈ ಗಿಡಕ್ಕೆ ಎರಡೇ ದಪ್ಪ ಎಲೆ, ನಡುವೆ ಒಂದು ಸೀಳು. ತವರಿನಲ್ಲಿ ದೇಹದ ಬಹುಭಾಗ ಮಣ್ಣಿನೊಳಗೇ ಹುದುಗಿರುತ್ತದೆ. ಎಲೆಯ ನೆತ್ತಿ ಗಾಜಿನ ಹೆಂಚಿನಂತೆ; ಬೆಳಕು ಅದರ ಮೂಲಕ ಒಳಗಿಳಿದು ಆಹಾರ ತಯಾರಾಗುತ್ತದೆ. ವರ್ಷಕ್ಕೊಮ್ಮೆ ಸೀಳಿನೊಳಗಿಂದ ಹೊಸ ಜೋಡಿ ಎಲೆ ಮೂಡುತ್ತದೆ. ಹಳೆಯ ಎಲೆ ತನ್ನಲ್ಲಿದ್ದ ನೀರನ್ನು ಹೊಸದಕ್ಕೆ ಕೊಟ್ಟು ಸುಕ್ಕುಗಟ್ಟಿ ಒಣಗುತ್ತದೆ. ಗೊತ್ತಿಲ್ಲದವರು ಎಡವುವುದು ಇಲ್ಲೇ. ಗಿಡ ಬಾಡಿತೆಂದು ಮರುಗಿ ನೀರು ಹನಿಸುತ್ತಾರೆ. ಹಳೆಯ ಎಲೆ ಒಣಗದೆ ಉಳಿಯುತ್ತದೆ, ಕೆಲವೊಮ್ಮೆ ಗಿಡವೇ ಕೊಳೆಯುತ್ತದೆ. ಲಿಥಾಪ್ಸ್ ಸಾಯುವುದು ಹೆಚ್ಚಾಗಿ ಸಾಕುವವರ ಅಕ್ಕರೆಯಿಂದ.

ಕರಾವಳಿಯಲ್ಲಿ ಇದನ್ನು ಸಾಕಬೇಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡ ಮಾಡಿನ ಕೆಳಗಿರಬೇಕು. ಬರೀ ಮಾಡು ಸಾಲದು, ಪಡುವಣ ಗಾಳಿಯ ಎರಚಲೂ ತಾಗಬಾರದು. ಆದರೂ ಬೆಳಕು ಮತ್ತು ಗಾಳಿಯಾಟ ಬೇಕು. ಬೇರು ಉದ್ದವಾದ್ದರಿಂದ ಕುಂಡ ಆಳವಾಗಿರಲಿ. ಮಣ್ಣು ಕಡಿಮೆ, ಸಣ್ಣ ಜಲ್ಲಿ ಮತ್ತು ತೊಳೆದ ದಪ್ಪ ಹೊಳೆಮರಳು ಹೆಚ್ಚು. ಮನೆಯೆದುರೇ ಕಡಲಿದೆಯೆಂದು ಅಲ್ಲಿಯ ಮರಳು ತರಬಾರದು, ಅದರಲ್ಲಿ ಉಪ್ಪಿದೆ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್-ನವೆಂಬರ್‌ನಲ್ಲಿ, ಕುಂಡ ತಳದವರೆಗೆ ಒಣಗಿದಾಗ ಮಾತ್ರ ನೀರು. ಬಿಳಿ ಅಥವಾ ಹಳದಿ ಹೂವು ಅರಳುವುದೂ ಆ ದಿನಗಳಲ್ಲೇ. ಎಲೆ ಬದಲಾಗುವ ಚಳಿಗಾಲದಲ್ಲಿ ನೀರಿನ ಮಾತೇ ಬೇಡ; ಏಪ್ರಿಲ್-ಮೇ ಸೆಖೆಯಲ್ಲಿ ಅದಕ್ಕೆ ನಿದ್ದೆ.

ಇಷ್ಟು ಹಟದ ಗಿಡಕ್ಕೂ ಮಳೆ ಬೇಕಾಗುವ ಒಂದು ಗಳಿಗೆಯಿದೆ. ಅದರ ಒಣ ಬೀಜಕೋಶ ನೆನೆದಾಗಷ್ಟೇ ಬಾಯಿ ತೆರೆಯುತ್ತದೆ, ಬಿದ್ದ ಹನಿಗಳ ಹೊಡೆತಕ್ಕೆ ಬೀಜ ಆಚೆ ಸಿಡಿಯುತ್ತದೆ. ಬೀಜದಿಂದಲೇ ಇದನ್ನು ಬೆಳೆಸಬಹುದಾದ್ದರಿಂದ ಕಾಡಿನಿಂದ ಕೀಳುವ ಅಗತ್ಯವೇ ಇಲ್ಲ. ಹಾಗಿದ್ದೂ ದಕ್ಷಿಣ ಆಫ್ರಿಕಾದಲ್ಲಿ 2019ರಿಂದೀಚೆಗೆ ಇಂಥ ಪುಟ್ಟ ಗಿಡಗಳ ಕಳ್ಳಸಾಗಣೆ ವಿಪರೀತವಾಯಿತು. ಲಿಥಾಪ್ಸ್‌ನ ಸೋದರಜಾತಿ ಕೊನೊಫೈಟಮ್ ಅದರಲ್ಲಿ ಹೆಚ್ಚು ನಲುಗಿತು. ಕೊಳ್ಳುವ ಮುನ್ನ ಗಿಡ ಬೀಜದಿಂದ ಬೆಳೆದದ್ದೇ ಎಂದು ನರ್ಸರಿಯವರನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಅಂದಹಾಗೆ, ಈ ಆಫ್ರಿಕನ್ ಅತಿಥಿಗೆ ನಮ್ಮ ಕರಾವಳಿಯಲ್ಲಿ ಒಬ್ಬ ದೂರದ ನೆಂಟನಿದ್ದಾನೆ. ಅಳಿವೆಯ ಬದಿಯಲ್ಲಿ, ಗಜನಿಯಂಥ ಉಪ್ಪು ನೆಲದಲ್ಲಿ ಹರಡಿಕೊಳ್ಳುವ, ಕೆಂಪು ಕಾಂಡದ, ನಸುಗೆಂಪು ನಕ್ಷತ್ರದಂಥ ಹೂವಿನ ಸೆಸುವಿಯಮ್ ಕೂಡ ಇದೇ ಕುಟುಂಬದ್ದು. ಸುತ್ತ ನೀರಿದ್ದರೂ ಅದು ಉಪ್ಪುನೀರು. ಹೀಗಾಗಿ ಅದೂ ದಪ್ಪ ಎಲೆಯಲ್ಲಿ ನೀರು ಕೂಡಿಡುತ್ತದೆ. ಮಳೆಗೆ ಅದು ಹೆದರುವುದಿಲ್ಲ, ಮಾಡಿನ ಆಸರೆಯನ್ನೂ ಕೇಳುವುದಿಲ್ಲ. ಸ್ವೀಡನ್ನಿನ ಲಿನೇಯಸ್ ತನ್ನ ಗ್ರಂಥದಲ್ಲಿ ಅದನ್ನು ದಾಖಲಿಸಿದ್ದು 1753ರಲ್ಲಿ, ಬರ್ಚೆಲ್ ಆ 'ಕಲ್ಲನ್ನು' ಎತ್ತಿಕೊಳ್ಳುವುದಕ್ಕೆ 58 ವರ್ಷ ಮೊದಲು.